ಎರಡು ಬೀಗಕ್ಕೆ ಒಂದೇ ಕೀಲಿಗೊಂಚಲು

ಬೈಲಹೊಂಗಲದಲ್ಲಿ ಇನ್ನೂ ಬೆಳಕು ಹರಿಯುತ್ತಿದೆ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಆರೋಗ್ಯ ಸಂಸ್ಥೆಯ ಬಾಗಿಲು ತೆರೆದು ಯಶೋಧಾ ಮೇತ್ರಿ ಕಂಪ್ಯೂಟರ್ ಮುಂದೆ ಕೂರುತ್ತಾರೆ. "ಎಂಟಕ್ಕ ಕರೆಂಟ್ ಹೋಗತೈತ್ರಿ. ಅಷ್ಟರಾಗ ಮುಗಸಬೇಕು."

ಸವದತ್ತಿ ಮತ್ತು ರಾಮದುರ್ಗದ ಪ್ರಯೋಗಾಲಯಗಳಿಂದ ಎಚ್‌ಐವಿ ಪರೀಕ್ಷೆಯ ವರದಿಗಳು ಫ್ಲಾಪಿಯಲ್ಲಿ, ಬಸ್ಸಿನಲ್ಲಿ ಬರುತ್ತವೆ. ದಾರಿಯಲ್ಲಿ ಯಾರೂ ಓದದಂತೆ ಗೂಢಲಿಪಿಯ ತಂತ್ರಾಂಶ ಅವಕ್ಕೆ ಬೀಗ ಹಾಕಿರುತ್ತದೆ. ರಾಮದುರ್ಗದ ಹಳೆಯ ಯಂತ್ರದಲ್ಲಿ ಹಳೆಯ ಆವೃತ್ತಿ ಮಾತ್ರ ನಡೆಯುತ್ತದೆ, ಸವದತ್ತಿಯದು ಹೊಸದು. ಒಂದರ ಬೀಗ ಇನ್ನೊಂದರಲ್ಲಿ ತೆರೆಯದು. ಹಾಗಾಗಿ ಯಶೋಧಾ ಎರಡನ್ನೂ ಇಟ್ಟುಕೊಂಡಿದ್ದಾರೆ. ಬೀಗ ತೆರೆಯಲು ಬೇಕಾದ ಕೀಲಿಗಳ ಕಡತ ಮಾತ್ರ ಎರಡಕ್ಕೂ ಒಂದೇ.

ಅವರ ತಾಯಿ ಕಾಡವ್ವ ಆಸ್ಪತ್ರೆಯೊಂದರಲ್ಲಿ ಕಸ ಗುಡಿಸುತ್ತಿದ್ದವರು. "ಪೇಶೆಂಟಿಗಿಂತ ಮೊದಲ ಚಾದಂಗಡಿಗೆ ಸುದ್ದಿ ಮುಟ್ಟತಿತ್ತು ಅಂತ ಅವ್ವ ಹೇಳ್ತಿದ್ಲು," ಎನ್ನುತ್ತಾರೆ ಯಶೋಧಾ. ಟೈಪಿಂಗ್ ಕಲಿತು, ಆಮೇಲೆ ಕಂಪ್ಯೂಟರ್ ಕಲಿತು ಈ ಕೆಲಸಕ್ಕೆ ಬಂದರು.

ಹೋದ ವರ್ಷ, 2001ರಲ್ಲಿ, ಸವದತ್ತಿಗೆ ಹೊಸ ನರ್ಸ್ ಬಂದಾಗ ಯಶೋಧಾ ಹೊಸ ಆವೃತ್ತಿಯಲ್ಲಿ ಆಕೆಗೊಂದು ಕೀಲಿ ಮಾಡಿದರು. ಅದು ಆ ಒಂದೇ ಕಡತಕ್ಕೆ ಸೇರಿದ್ದೇ ತಡ, ಹೊಸ ಬಗೆಯ ಕೀಲಿ ಅರ್ಥವಾಗದೆ ಹಳೆಯ ಆವೃತ್ತಿಗೆ ಇಡೀ ಕಡತವೇ ಓದಲು ಬರದಾಯಿತು. ರಾಮದುರ್ಗದ ಒಂದು ವರದಿಯೂ ತೆರೆಯಲಿಲ್ಲ.

ನೇಸರಗಿ ಕಡೆಯ ಮಹಿಳೆಯೊಬ್ಬರು ಆ ದಿನ ವರದಿಗಾಗಿ ಬಂದು ಕೂತಿದ್ದರು. ಕೊಟ್ಟ ಚಹಾ ಮುಟ್ಟಲಿಲ್ಲ. ರಾಮದುರ್ಗದ ಪ್ರಯೋಗಾಲಯದ ಕಾಂತೇಶ ಫೋನಿನಲ್ಲಿ ಸುಲಭದ ದಾರಿ ಹೇಳಿದರು: "ಅಕ್ಕಾರ, ಚೀಟಿ ಬರದು ಕಂಡಕ್ಟರ್ ಕೈಯಾಗ ಕೊಡತೇನ್ರಿ."

"ಬ್ಯಾಡೋ ತಮ್ಮಾ. ಆ ಚೀಟಿ ಎಷ್ಟ ಮಂದಿ ಕೈ ದಾಟಿ ಬರತೈತಿ? ಆಕಿ ಊರಾಗ ಬಾಳೇ ಮಾಡಬೇಕು."

ಕರೆಂಟ್ ಹೋಯಿತು, ಬಂತು, ಮತ್ತೆ ಹೋಯಿತು. ಸಂಜೆಯ ಹೊತ್ತಿಗೆ ಯಶೋಧಾ ಹೊಸ ಕೀಲಿಯನ್ನು ಬೇರೆ ಫ್ಲಾಪಿಗೆ ತೆಗೆದಿಟ್ಟು, ಕೀಲಿಗಳ ಕಡತದಿಂದ ಅಳಿಸಿದರು. ಹಳೆಯ ಆವೃತ್ತಿ ಕಡತವನ್ನು ಓದಿತು, ವರದಿ ತೆರೆಯಿತು. ಒಳಕೋಣೆಯಲ್ಲಿ ವೈದ್ಯರು ಆ ಮಹಿಳೆಗೆ ಫಲಿತಾಂಶ ತಿಳಿಸಿದರು. ಅದರಲ್ಲಿ ಏನಿತ್ತು ಎಂದು ನಾನು ಈಗ ಕೇಳುತ್ತೇನೆ. ಯಶೋಧಾ ಕೀಬೋರ್ಡಿನ ಧೂಳು ಒರೆಸುತ್ತಾರೆ.

ಅಂದಿನಿಂದ ಹೊಸ ಕೀಲಿಗಳನ್ನೆಲ್ಲ ಅವರು ಹಳೆಯ ಆವೃತ್ತಿಯಲ್ಲೇ ತಯಾರಿಸುತ್ತಾರೆ. ಅವನ್ನು ಎರಡೂ ಓದುತ್ತವೆ. ರಾಮದುರ್ಗಕ್ಕೊಂದು ಹೊಸ ಕಂಪ್ಯೂಟರ್ ಬಂದರೆ ಈ ಪಡಿಪಾಟಲೇ ಇರದು, ಅದೊಂದೇ ಅವರ ಬೇಡಿಕೆ.

ಆ ಮಹಿಳೆ ಮತ್ತೆ ಸಿಕ್ಕಿದ್ದರೇ?

"ಸಂತ್ಯಾಗ ಸಿಗತಾಳ್ರಿ. ನನ್ನ ಗುರ್ತ ಇಲ್ಲದಂಗ ಹೋಗತಾಳ," ಎನ್ನುವಾಗ ಯಶೋಧಾ ಮುಖದಲ್ಲಿ ಬೇಸರವಿಲ್ಲ. "ಹಂಗ ಹೋಗಲಿ ಅಂತನ ಇಷ್ಟೆಲ್ಲಾ ಮಾಡೂದ್ರಿ."