ಲೋಟದ ತಳದ ಎರಡು ಅಗುಳು

ಹೆದರಿಕೆ ಎಂಬುದು ಸೇವಂತಿಬಾಯಿ ಊರಿನಿಂದ ಮುಂಬಯಿಗೆ ಬರುವಾಗ ಟ್ರಂಕಿನಲ್ಲಿ ಮಡಚಿಟ್ಟುಕೊಂಡು ತಂದ ಸಾಮಾನು. ಹಡಗಿನವರು ಅದಕ್ಕೆ ಬೇರೆ ಟಿಕೆಟ್ ಕೇಳಲಿಲ್ಲ. ಲೋಕಲ್ ಗಾಡಿ ನಿಲ್ಲುವ ಮೊದಲೇ ಹಾರಿಕೊಳ್ಳುವವರನ್ನು ಕಂಡರೆ ಅವರಿಗೆ ಹೆದರಿಕೆ, ನಿಂತ ಮೇಲೂ ಬಾಗಿಲಲ್ಲೇ ಜೋತಾಡುವವರನ್ನು ಕಂಡರೆ ಇನ್ನೂ ಹೆದರಿಕೆ. ಚಾಳಿನ ಮೆಟ್ಟಿಲು ಕಿರುಗುಟ್ಟಿದರೆ ಹೆದರಿಕೆ, ಒಂದು ದಿನ ಕಿರುಗುಟ್ಟದಿದ್ದರೆ ಏನಾಯಿತೋ ಎಂದು ಹೆದರಿಕೆ. ಗಂಡ ತೀರಿಕೊಂಡ ಮೇಲೆ ಅವರು ಕುರ್ಲಾದ ಒಂದು ಸಣ್ಣ ಹೆರಿಗೆಮನೆಯಲ್ಲಿ ಆಯಾ ಆಗಿ ಸೇರಿದರು. ಎಷ್ಟೋ ಮಕ್ಕಳನ್ನು ಈ ಲೋಕದಲ್ಲಿ ಮೊದಲ ಸಲ ಒರೆಸಿದ ಕೈ ಅವರದು. ಆ ಕೈ ಮಾತ್ರ ಎಂದೂ ನಡುಗಿರಲಿಲ್ಲ. ಹೆದರಿಕೆ ಅವರ ಕೈ ಬಿಟ್ಟು ಉಳಿದೆಲ್ಲ ಕಡೆ ಹಿಡಿದಿತ್ತು.

ಐವತ್ತನಾಲ್ಕನೆಯ ಇಸವಿಯ ಮಳೆಗಾಲದಲ್ಲಿ ಕೈಯೂ ನಡುಗತೊಡಗಿತು.

ಚಾಳಿನಲ್ಲಿ ಅವರ ಪಕ್ಕದ ಕೋಣೆ ಕಾಂತಪ್ಪನದು. ಮಿಲ್ಲಿನ ನೇಯ್ಗೆ ಖಾತೆಯ ಕೆಲಸಗಾರ, ಉಡುಪಿ ಕಡೆಯವನು, ಅವರದೇ ಕ್ರೈಸ್ತ ಸಭೆಯವನು. ಅವನ ಹೆಂಡತಿ ವಿನೋದಿನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಅಂಗೈಯಷ್ಟಗಲದ ಹೆಣ್ಣು ಮಗು ಹುಟ್ಟಿತ್ತು. ಹೆರಿಗೆಮನೆಯಿಂದ ಮನೆಗೆ ಬಂದ ಮರುದಿನ ಮಧ್ಯಾಹ್ನ, ಹೊರಗೆ ಮಳೆ ಹಗಲನ್ನೇ ನುಂಗಿದ್ದ ಹೊತ್ತಿನಲ್ಲಿ, ಮಗುವಿನ ತುಟಿ ನೀಲಿಗಟ್ಟಿತು. ಕಾಂತಪ್ಪ ಮಿಲ್ಲಿನಲ್ಲಿದ್ದ. ಅವನ ತಾಯಿ ಅಪ್ಪಿಬಾಯಿ ಕೊಡೆ ಕೂಡ ಹಿಡಿಯದೆ ಡಾಕ್ಟರನ್ನು ಕರೆಯಲು ಓಡಿದ್ದರು. ಪಾದ್ರಿಗಳು ಇರುವುದು ದೂರದ ಬೊರಿವಲಿಯಲ್ಲಿ. ಕುರ್ಲಾ ಸ್ಟೇಶನ್ನಿನಲ್ಲಿ ಹಳಿಯ ಮೇಲೆ ನೀರು ನಿಂತು ಗಾಡಿಗಳೆಲ್ಲ ಬಂದ್.

"ಸೇವಂತಿಯಕ್ಕ, ಇದಕ್ಕೆ ಇನ್ನೂ ಹೆಸರೂ ಇಲ್ಲ," ಎಂದಳು ವಿನೋದಿನಿ ಚಾಪೆಯ ಮೇಲಿಂದ, ಪಕ್ಕದ ಕೋಣೆಯಿಂದ ಓಡಿಬಂದ ಸೇವಂತಿಬಾಯಿಗೆ.

ಆ ಮಾತಿನ ಒಳಗೆ ಏನಿದೆಯೆಂದು ಸೇವಂತಿಬಾಯಿಗೆ ತಿಳಿಯಿತು. ಹೆಸರಿಟ್ಟು ತಲೆಗೆ ನೀರು ಸುರಿದು ದೇವರಿಗೊಪ್ಪಿಸುವ ದೀಕ್ಷಾಸ್ನಾನವಾಗದೆ ಮಗು ಹೋಗಬಾರದು. ಅವರು ಹುಟ್ಟಿ ಬೆಳೆದದ್ದು ಹಂಚಿನ ಕಾರ್ಖಾನೆಯ ಸಾಲುಮನೆಯಲ್ಲಿ. ಅಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಒಬ್ಬ ಜರ್ಮನ್ ಪಾದ್ರಿ, ಬೆತ್ತವನ್ನೂ ತಮ್ಮ ಪಂಥದ ಗುರು ಲೂಥರನ ಪಾಠವನ್ನೂ ಒಂದೇ ಕೈಯಲ್ಲಿ ಹಿಡಿದು ಹುಡುಗಿಯರಿಗೆ ಕಲಿಸುತ್ತಿದ್ದರು. ಪಾದ್ರಿ ಸಿಗದಿದ್ದರೆ, ಜೀವ ಹೋಗುವಂತಿದ್ದರೆ, ಯಾವ ಕ್ರೈಸ್ತನಾದರೂ, ಹೆಂಗಸಾದರೂ, ದೀಕ್ಷಾಸ್ನಾನ ಕೊಡಬಹುದು ಎಂದಿದ್ದರು. ಕೊಡುವವರ ಯೋಗ್ಯತೆಯ ಮೇಲೆ ಅದು ನಿಂತಿಲ್ಲ. ದೇವರ ಮಾತಿದ್ದರೆ, ನೀರಿದ್ದರೆ, ಆಯಿತು.

ಚಾಪೆಯ ಪಕ್ಕದಲ್ಲಿ ಹಿತ್ತಾಳೆಯ ಲೋಟವಿತ್ತು. ಸೇವಂತಿಬಾಯಿ ಅದನ್ನೆತ್ತಿಕೊಂಡು, ಮೂರು ಸಲ ಮಗುವಿನ ನೆತ್ತಿಗೆ ಸುರಿದು, ಬಾಯಿಗೆ ಬಂದ ಹೆಸರಿಟ್ಟು, "ಕೃಪಾವತಿ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ," ಎಂದರು. ಮಗು ಬೆಚ್ಚಿ, ಮುಖ ಸುಕ್ಕಾಗಿಸಿ, ಅತ್ತಿತು. ತುಟಿಗೆ ಬಣ್ಣ ಬಂತು. ಡಾಕ್ಟರು ಬಂದಾಗ ಅದು ಅಳುವುದನ್ನು ನಿಲ್ಲಿಸಿಯೇ ಇರಲಿಲ್ಲ.

ಆಮೇಲೆ ಲೋಟ ತೊಳೆಯಲು ನಲ್ಲಿಯ ಹತ್ತಿರ ಹೋದರು. ನಲ್ಲಿಯಲ್ಲಿ ನೀರಿಲ್ಲ, ಕಾಂತಪ್ಪನ ಮನೆಯ ಕೊಡವೂ ಖಾಲಿ. ಕುರ್ಲಾದಲ್ಲಿ ನೀರು ಬೆಳಿಗ್ಗೆ ಒಂದಿಷ್ಟು ಹೊತ್ತು ಬಂದು ಹೋಗುವ ನೆಂಟ. ಹಾಗಾದರೆ ಮಧ್ಯಾಹ್ನ ಆ ಲೋಟದಲ್ಲಿ ನೀರು ಎಲ್ಲಿಂದ ಬಂತು? ಬಾಗಿಲ ಬೆಳಕಿಗೆ ಲೋಟವನ್ನು ವಾಲಿಸಿ ನೋಡಿದರು. ತಳದಲ್ಲಿ ಎರಡು ಅನ್ನದ ಅಗುಳು ಅಂಟಿಕೊಂಡಿದ್ದವು. ಬೆರಳಿಗೆ ಹತ್ತಿದ್ದನ್ನು ನಾಲಗೆಗೆ ತಾಗಿಸಿದರು. ಉಪ್ಪು.

ಬಾಣಂತಿಗೆಂದು ಅಪ್ಪಿಬಾಯಿ ಬಸಿದಿಟ್ಟಿದ್ದ ಗಂಜಿ ತಿಳಿ.

ಒಳಗೆ ಬಂದು ನೋಡಿದರೆ ಮಗುವಿನ ನೆತ್ತಿಯ ಕೂದಲು ಇಸ್ತ್ರಿಗೆ ಮುಂಚಿನ ಕಾಲರಿನ ಹಾಗೆ ಗರಿಗರಿಯಾಗಿ ನಿಂತಿತ್ತು. ದೀಕ್ಷಾಸ್ನಾನ ಬರೀ ನೀರಲ್ಲ ಎಂದು ಜರ್ಮನ್ ಪಾದ್ರಿ ಕಲಿಸಿದ್ದೇನೋ ನಿಜ. ಆದರೆ ಅವರು ಹೇಳಿದ್ದು ಈ ಅರ್ಥದಲ್ಲಿ ಅಲ್ಲ. ಸೇವಂತಿಬಾಯಿ ತಮ್ಮ ಸೆರಗಿನಿಂದ ನೆತ್ತಿಯನ್ನು ಒರೆಸಿದರು. ಆಗಲೇ ಕೈ ನಡುಗಿದ್ದು.

ಸಭೆಯಲ್ಲಿ ಒಂದು ಕಟ್ಟಳೆಯುಂಟು. ಹೀಗೆ ಆಪತ್ತಿನಲ್ಲಿ ಮನೆಯಲ್ಲೇ ದೀಕ್ಷಾಸ್ನಾನ ಪಡೆದ ಮಗುವನ್ನು ಆಮೇಲೆ ದೇವಾಲಯಕ್ಕೆ ತರಬೇಕು. ಪಾದ್ರಿಗಳು ಎಲ್ಲರ ಮುಂದೆ ವಿಚಾರಿಸುತ್ತಾರೆ: ಯಾರು ಕೊಟ್ಟರು, ಯಾವುದರಿಂದ ಕೊಟ್ಟರು, ಏನು ಹೇಳಿ ಕೊಟ್ಟರು. ಉತ್ತರ ಸರಿಯಿದ್ದರೆ ಮತ್ತೆ ಕೊಡುವುದಿಲ್ಲ, ಇದು ಸರಿಯಾದದ್ದೇ ಎಂದು ಸಾರಿ ಮಗುವನ್ನು ಸಭೆಗೆ ಸೇರಿಸಿಕೊಳ್ಳುತ್ತಾರೆ. ಕಾಂತಪ್ಪ ಸಂತೋಷದಲ್ಲಿ ಬೊರಿವಲಿಗೆ ಹೋಗಿ ಅದಕ್ಕೊಂದು ಭಾನುವಾರ ಗೊತ್ತುಮಾಡಿಕೊಂಡು ಬಂದ.

ಚಾಳಿನಲ್ಲಿ ಸೇವಂತಿಬಾಯಿಗೆ ಬಡ್ತಿ ಸಿಕ್ಕಿತು. ಮೆಟ್ಟಿಲಲ್ಲಿ ಎದುರಾದವರು "ಏನು ಪಾದ್ರಿಯಮ್ಮ, ಡ್ಯೂಟಿಗಾ?" ಎನ್ನುತ್ತಿದ್ದರು. ಅಪ್ಪಿಬಾಯಿಯೊಬ್ಬರೇ ಮುಖ ಗಂಟಿಕ್ಕಿಕೊಂಡಿದ್ದರು. ಮೊಮ್ಮಗಳಿಗೆ ತಮ್ಮ ಹೆಸರಿಡುವುದೆಂದು ಅವರು ಮಗು ಹುಟ್ಟುವ ಮೊದಲೇ ತೀರ್ಮಾನಿಸಿಬಿಟ್ಟಿದ್ದರು.

"ಮಗು ಹೆತ್ತದ್ದು ನನ್ನ ಸೊಸೆ, ಸಂಬಳ ತರುವುದು ನನ್ನ ಮಗ, ಹೆಸರಿಡುವುದು ನೆರೆಮನೆಯವರು," ಎಂದರು ಅಪ್ಪಿಬಾಯಿ, ಗೋಡೆಗೆ ಹೇಳುವಂತೆ. "ಇವರಿಗೆ ಅಷ್ಟು ಅಧಿಕಾರ ಯಾರು ಕೊಟ್ಟದ್ದೋ."

"ಲೂಥರ್ ಕೊಟ್ಟದ್ದು," ಎಂದ ಕಾಂತಪ್ಪ.

"ಅವನಿಗೇನು ಗೊತ್ತು, ಅವನು ಕುರ್ಲಾಕ್ಕೆ ಬಂದಿದ್ದಾನಾ?"

ಬೇರೆ ಹೊತ್ತಿನಲ್ಲಾದರೆ ಸೇವಂತಿಬಾಯಿ ನಗುತ್ತಿದ್ದರು. ಈಗ ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸಭೆಯ ಮುಂದೆ ನೀರು ಎಂದು ಹೇಳಿದರೆ ದೇವರ ಮನೆಯಲ್ಲೇ ಸುಳ್ಳು. ಅಷ್ಟೇ ಅಲ್ಲ, ಆ ಮಗು ದೀಕ್ಷಾಸ್ನಾನವಿಲ್ಲದೆ ಬೆಳೆದು, ಮದುವೆಯಾಗಿ, ಒಂದು ದಿನ ಸಾಯುತ್ತದೆ, ಅದು ಗೊತ್ತಿರುವುದು ತಮಗೊಬ್ಬರಿಗೇ. ಗಂಜಿ ಎಂದು ಹೇಳಿದರೆ ಅಪ್ಪಿಬಾಯಿಯ ನಾಲಗೆಗೆ ಜನ್ಮಕ್ಕಾಗುವಷ್ಟು ಊಟ. ಗುಟ್ಟಾಗಿ ಇನ್ನೊಮ್ಮೆ ನೀರು ಹಾಕಿಬಿಡೋಣವೆಂದರೆ, ಒಂದು ವೇಳೆ ಮೊದಲನೆಯದೇ ದೇವರಿಗೆ ಒಪ್ಪಿಗೆಯಾಗಿದ್ದರೆ? ದೀಕ್ಷಾಸ್ನಾನ ಎರಡು ಸಲ ಕೊಡುವುದೆಂದರೆ ದೇವರನ್ನು ಸುಳ್ಳುಗಾರನೆಂದ ಹಾಗೆ ಎಂದು ಜರ್ಮನ್ ಪಾದ್ರಿ ಗುಡುಗಿದ್ದು ಅವರಿಗೆ ಇನ್ನೂ ಕೇಳಿಸುತ್ತಿತ್ತು. ಕೊಟ್ಟರೂ ತಪ್ಪಿರಬಹುದು, ಕೊಡದಿದ್ದರೂ ತಪ್ಪಿರಬಹುದು. ಹೆರಿಗೆಮನೆಯಲ್ಲಿ ಬಟ್ಟೆ ಹಿಂಡುವಾಗ, ಲೋಕಲ್ಲಿಗೆ ಕಾಯುವಾಗ, ಆ ಎರಡು ಅಗುಳು ಎರಡು ಕಣ್ಣಿನ ಹಾಗೆ ಅವರನ್ನೇ ನೋಡುತ್ತಿದ್ದವು.

ತಡೆಯಲಾರದೆ ಹೆರಿಗೆಮನೆಯ ನರ್ಸ್ ಸೆರಾಫಿನಾಳನ್ನು ಕೇಳಿದರು. ಸೆರಾಫಿನಾ ಮಂಗಳೂರಿನ ಕ್ಯಾಥೊಲಿಕ್ ಹೆಂಗಸು. ಹುಟ್ಟುತ್ತಲೇ ಸಾಯುವ ಮಕ್ಕಳಿಗೆ ಅವಳೂ ಈ ಕೆಲಸ ಮಾಡಿದವಳು.

"ಸಿಸ್ಟರ್, ನಿಮ್ಮವರಲ್ಲಿ ನೀರಿನ ಬದಲು ಬೇರೆ ಎಂತಾದರೂ ಹಾಕಿದರೆ ನಡೀತದಾ?"

"ಬೇರೆ ಅಂದರೆ?"

"ಗಂಜಿ ತಿಳಿ."

ಸೆರಾಫಿನಾ ನಗಲಿಲ್ಲ. ಅದೇ ಹೆಚ್ಚು ಹೆದರಿಸಿತು. ಥರ್ಮಾಮೀಟರನ್ನು ಒದರುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ಎಷ್ಟು ಗಟ್ಟಿ?"

"ಬಸಿದದ್ದು. ಅಗುಳು ಎರಡೇ ಇತ್ತು."

"ಹಾಲು ನಡೆಯೂದಿಲ್ಲ. ಎಣ್ಣೆ ನಡೆಯೂದಿಲ್ಲ. ಚಾ ತೀರಾ ತೆಳ್ಳಗಿದ್ದರೆ ವಾದ ಮಾಡುವವರು ಇದ್ದಾರೆ. ಗಂಜಿ..." ಅವಳು ಛಾವಣಿ ನೋಡಿದಳು. "ನಮ್ಮಲ್ಲಾದರೆ 'ಮೊದಲು ಆಗಿರದಿದ್ದರೆ' ಅಂತ ಒಂದು ಮಾತು ಸೇರಿಸಿ ಪುನಃ ಕೊಡ್ತಾರೆ. ತಲೆಬಿಸಿ ಇಲ್ಲ. ನಿಮ್ಮಲ್ಲಿ ಹೇಗೆ?"

"ನನಗೆ ಗೊತ್ತಿಲ್ಲ."

"ಹಾಗಾದರೆ ನಿಮ್ಮ ಪಾದ್ರಿಯನ್ನೇ ಕೇಳಿ ಮಾರಾಯ್ತಿ. ಗಂಜಿಯೂ ನಿಮ್ಮದು, ಪಾದ್ರಿಯೂ ನಿಮ್ಮವರು."

ಕೇಳಲು ಧೈರ್ಯ ಬರಲಿಲ್ಲ. ಗೊತ್ತುಮಾಡಿದ ಭಾನುವಾರದ ಹಿಂದಿನ ಶನಿವಾರ ಬಂತು. ಸಂಜೆ ಕೆಲಸದಿಂದ ಬರುವಾಗ ಕಾಂತಪ್ಪನ ಕೋಣೆಯ ಬಾಗಿಲು ತೆರೆದಿತ್ತು. ಮಗುವಿಗೆ ಜ್ವರ. ಎದೆ ಗೊರಗೊರ ಅನ್ನುತ್ತಿತ್ತು. ಮುಟ್ಟಿದರೆ ಬಿಸಿ ದೋಸೆಕಲ್ಲು. ಕಾಂತಪ್ಪ ಔಷಧಿ ತರಲು ಹೋಗಿದ್ದ. ಅಪ್ಪಿಬಾಯಿ ಮೂಲೆಯಲ್ಲಿ ಪ್ರಾರ್ಥನೆಗೆ ಕೂತವರು ಅಲ್ಲೇ ತೂಕಡಿಸಿದ್ದರು. ವಿನೋದಿನಿ ಮಾತ್ರ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಶಾಂತವಾಗಿದ್ದಳು.

"ನಿನಗೆ ಹೆದರಿಕೆ ಆಗುವುದಿಲ್ವಾ?"

"ಆವತ್ತು ಆಗಿತ್ತು ಅಕ್ಕ. ಈಗ ಇಲ್ಲ," ಎಂದಳು ವಿನೋದಿನಿ. "ಏನಾದರೂ ಇವಳು ದೇವರವಳು, ಅಲ್ವಾ? ನೀವು ದೀಕ್ಷಾಸ್ನಾನ ಕೊಟ್ಟದ್ದುಂಟಲ್ಲ."

ಸೇವಂತಿಬಾಯಿ ಮಗುವಿನ ನೆತ್ತಿಯನ್ನು ನೋಡಿದರು. ಈ ಹುಡುಗಿಯ ಧೈರ್ಯವೆಲ್ಲ ನಿಂತಿರುವುದು ತಮ್ಮ ಒಂದು ಲೋಟದ ಮೇಲೆ. ಆ ಲೋಟದ ತಳ ಕಂಡಿರುವುದು ತಾವೊಬ್ಬರೇ.

ಮೂಲೆಯಲ್ಲಿ ಕೊಡ ಇತ್ತು. ಈ ಸಲ ನೀರು ತುಂಬಿತ್ತು. ವಿನೋದಿನಿ ಮಗುವನ್ನು ಅವರ ಕೈಗಿತ್ತು ಹೊರಗೆ ಒಣಹಾಕಿದ್ದ ಬಟ್ಟೆ ತರಲು ಹೋದಳು. ಸೇವಂತಿಬಾಯಿ ಲೋಟ ಅದ್ದಿದರು. ಮಗುವಿನ ನೆತ್ತಿಯ ಮೇಲಕ್ಕೆ ಎತ್ತಿದರು. ಏನೆಂದು ಹೇಳುವುದು? ಆಗಿದೆ ಎಂದೋ, ಆಗಿಲ್ಲ ಎಂದೋ? ನೀರು ಲೋಟದ ಅಂಚಿನಲ್ಲಿ ಕುಣಿಯಿತು, ಒಂದು ಹನಿ ಅವರ ಮಣಿಕಟ್ಟಿನ ಮೇಲೆ ಬಿತ್ತು, ಮಗುವಿನ ಮೇಲೆ ಬೀಳಲಿಲ್ಲ. ವಿನೋದಿನಿಯ ಹೆಜ್ಜೆ ಕೇಳಿದ್ದೇ ಲೋಟವನ್ನು ಕೆಳಗಿಟ್ಟರು. ಔಷಧಿ ಬಂತು, ಬೆಳಗಾಗುವಷ್ಟರಲ್ಲಿ ಜ್ವರ ಇಳಿಯಿತು. ಸೇವಂತಿಬಾಯಿಯ ಹೆದರಿಕೆ ಇಳಿಯಲಿಲ್ಲ.

ಕನ್ನಡ ಸಭೆಗೆ ಸ್ವಂತ ದೇವಾಲಯವಿರಲಿಲ್ಲ. ಮರಾಠಿ ಸಭೆಯವರು ಊಟಕ್ಕೆ ಎದ್ದು ಹೋದ ಮೇಲೆ ಅವರ ದೇವಾಲಯದಲ್ಲಿ, ಅವರದೇ ಬೆಂಚಿನ ಬಿಸಿಯಲ್ಲಿ ಕನ್ನಡದವರು ಕೂರುತ್ತಿದ್ದರು. ಪಾದ್ರಿಗಳು ಸಂಗಪ್ಪ ಅಯ್ಯನವರು, ಗದಗದ ಕಡೆಯವರು. ಮಂಗಳೂರಿನಲ್ಲಿ ದೇವಶಾಸ್ತ್ರ ಓದಿಯೂ ಮಂಗಳೂರಿನ ಮಾತು ಹತ್ತಿಸಿಕೊಳ್ಳದವರು. ವಯಸ್ಸು ಚಿಕ್ಕದು, ಕಪ್ಪು ನಿಲುವಂಗಿ ದೊಡ್ಡದು.

ಭಾನುವಾರ ಮಧ್ಯಾಹ್ನ ಹಾಡು ಮುಗಿಯಿತು. ಮಗುವನ್ನು ಮುಂದೆ ತಂದರು. ಸೇವಂತಿಬಾಯಿ ಎದ್ದು ಹೋಗಿ ನಿಂತರು. ಹಂಚಿನ ಮೇಲೆ ಮಳೆ ಬಡಿಯುತ್ತಿತ್ತು.

"ಈ ಕೂಸಿಗೆ ದೀಕ್ಷಾಸ್ನಾನ ಕೊಟ್ಟವರು ಯಾರ್ರೀ?"

"ನಾನು."

"ಯಾವುದರಿಂದ ಕೊಟ್ಟ್ರಿ?"

ಅಯ್ಯನವರು ಉತ್ತರ ಬಂದೇಬಿಟ್ಟಿತೆಂಬಂತೆ ಮುಂದಿನ ಪ್ರಶ್ನೆಗೆ ಬಾಯಿ ತೆರೆದಿದ್ದರು. ಸೇವಂತಿಬಾಯಿ ವಿನೋದಿನಿಯ ಕಡೆ ನೋಡಿದರು. ವಿನೋದಿನಿ ಮುಗುಳ್ನಕ್ಕಳು.

"ಗಂಜಿ ತಿಳಿಯಿಂದ," ಎಂದರು ಸೇವಂತಿಬಾಯಿ.

ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿ ನಗುವನ್ನು ಮುಚ್ಚಿಕೊಂಡರು. ವಿನೋದಿನಿಯ ಮುಗುಳ್ನಗೆ ಮುಖದಲ್ಲಿದ್ದ ಹಾಗೆಯೇ ಬಿಳಿಚಿಕೊಂಡಿತು.

"ನೋಡಿದ್ರಾ," ಎಂದರು ಅಪ್ಪಿಬಾಯಿ ಪಕ್ಕದವರಿಗೆ, ಇಡೀ ದೇವಾಲಯಕ್ಕೆ ಕೇಳುವಷ್ಟು ಮೆಲ್ಲಗೆ. "ಸೊಸೆಗೆ ಕುಡಿಯಲಿಕ್ಕೆ ಅಂತ ಇಟ್ಟದ್ದು ನಾನು."

"ನೀರಂತ ತಿಳದು ಹಾಕಿದ್ರೇನು?" ಅಯ್ಯನವರ ದನಿ ಇಳಿದಿತ್ತು.

"ಹೌದು ಅಯ್ಯನವರೇ. ಕತ್ತಲೆ ಇತ್ತು. ಆಮೇಲೆ ಅಗುಳು ಕಂಡಿತು. ಆವತ್ತಿನಿಂದ ನನಗೆ ನಿದ್ದೆ ಇಲ್ಲ."

"ಗಂಜಿ ತಿಳಿ ಅಂದರೂ ಮುಕ್ಕಾಲು ಪಾಲು ನೀರೇ ಅಲ್ವಾ?" ಎಂದ ಕಾಂತಪ್ಪ, ಬೇಡುವ ದನಿಯಲ್ಲಿ.

ಅಯ್ಯನವರು ಪುಸ್ತಕ ಮುಚ್ಚಿದರು. ಅವರ ಹಣೆಯ ಮೇಲೂ ಬೆವರಿತ್ತು. "ಇರಬಹುದು ಕಾಂತಪ್ಪ. ಆದ್ರ ನಾಳೆ ಈ ಕೂಸು ದೊಡ್ಡಾಕಿ ಆಗತಾಳ. ಜಡ್ಡು ಬೀಳತಾಳ, ತಪ್ಪು ಮಾಡತಾಳ, ದೇವರು ನನ್ನ ಕೈಬಿಟ್ಟನೇನೋ ಅಂತ ಹೆದರತಾಳ. ಆವಾಗ 'ನನಗ ದೀಕ್ಷಾಸ್ನಾನ ಆಗೇದ' ಅಂತ ಹಿಡಕೊಳ್ಳಾಕ ಆಕಿಗೆ ಒಂದು ಮಾತು ಬೇಕು. ಆ ಮಾತಿನಾಗ ಮುಕ್ಕಾಲು ಪಾಲು ನಡೆಯಂಗಿಲ್ಲ. ಇವತ್ತ ಕೊಡೋಣು."

"ಅದು ಎರಡನೇ ಸಲ ಆಗುವುದಿಲ್ವಾ?" ಸೇವಂತಿಬಾಯಿಯ ದನಿ ಅವರಿಗೇ ಕೇಳಿಸುವಂತಿರಲಿಲ್ಲ. "'ಆಗಿರದಿದ್ದರೆ' ಅಂತ ಸೇರಿಸಿ ಕೊಡ್ತಾರಂತೆ ಕೆಲವರು."

"ಕೊಡತಾರ. ಲೂಥರ್ ಅದನ್ನ ಒಪ್ಪಲಿಲ್ರಿ. ಆ 'ದ್ದರೆ' ಒಳಗ ಇಟ್ಟರ ಹೆದರಿಕಿನೂ ಒಳಗ ಇಟ್ಟಂಗ. ಆಗೇದ ಅಂತ ಖಾತ್ರಿ ಇದ್ದರ ನಾನು ಮುಟ್ಟತಿದ್ದಿಲ್ಲ. ಖಾತ್ರಿ ಇಲ್ಲ, ಅದಕ್ಕ ಇದೇ ಮೊದಲನೇದು."

ಸೇವಂತಿಬಾಯಿ ಅಲ್ಲಾಡಲಿಲ್ಲ. ಕೇಳಬೇಕಾದದ್ದು ಇನ್ನೊಂದಿತ್ತು. ಇಷ್ಟು ದಿನ ಅವರನ್ನು ತಿಂದದ್ದು ಅದೇ.

"ಆವತ್ತೇ ಮಗು ಹೋಗಿದ್ದರೆ?"

ಅಯ್ಯನವರು ಮಗುವನ್ನು ನೋಡಿದರು.

"ದೇವರು ನಿಮ್ಮ ಲೋಟ ಇಣುಕಿ ನೋಡಿ ಕೂಸಿನ ಎತ್ತಿಕೊಳ್ಳತಿದ್ದ ಅಂತ ನಾ ನಂಬಂಗಿಲ್ಲ ಬಾಯಾರ. ಖಾತ್ರಿ ಬೇಕಾಗಿರೋದು ನಮಗ. ಆತಗಲ್ಲ."

ಸಭೆಯ ಹಿರಿಯರೊಬ್ಬರು ಹಿತ್ತಾಳೆಯ ಬಟ್ಟಲಲ್ಲಿ ನೀರು ತಂದರು. ಬಟ್ಟಲು ಹಿಡಿಯಲು ಅಯ್ಯನವರು ಸೇವಂತಿಬಾಯಿಗೇ ಸನ್ನೆ ಮಾಡಿದರು. ವಿನೋದಿನಿ ಮಗುವನ್ನು ಎತ್ತಿಕೊಂಡು ಹತ್ತಿರ ಬಂದಳು. ಅವಳ ಮುಖದಲ್ಲಿ ಈಗ ಹೆದರಿಕೆಯಿತ್ತು. ಅದನ್ನು ಅಲ್ಲಿ ತಂದಿಟ್ಟದ್ದು ತಾವೇ ಎಂದು ಸೇವಂತಿಬಾಯಿಗೆ ಗೊತ್ತಿತ್ತು.

"ಕೂಸಿನ ಹೆಸರು?"

ಹೆಸರಿನ ಬಾಗಿಲು ಮತ್ತೆ ತೆರೆದಿತ್ತು. ಎಲ್ಲರೂ ಅಪ್ಪಿಬಾಯಿಯನ್ನು ನೋಡಿದರು. ಅಪ್ಪಿಬಾಯಿ ಬಾಯಿ ತೆರೆದರು, ಬಟ್ಟಲು ಹಿಡಿದು ನಡುಗುತ್ತಿದ್ದ ಸೇವಂತಿಬಾಯಿಯ ಕೈಯನ್ನು ನೋಡಿದರು, ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡರು.

"ಕೃಪಾವತಿ ಅಂತಲೇ ಇರಲಿ," ಎಂದರು. "ಕೂಗಿ ಕೂಗಿ ಅಭ್ಯಾಸ ಆಗಿದೆ."

ಅಯ್ಯನವರು ಕೈಯನ್ನು ಬಟ್ಟಲಿಗೆ ತಂದರು.

"ಒಂದು ನಿಮಿಷ ಅಯ್ಯನವರೇ," ಎಂದರು ಸೇವಂತಿಬಾಯಿ.

ಬಟ್ಟಲನ್ನು ಬಾಗಿಲ ಬೆಳಕಿಗೆ ವಾಲಿಸಿ ತಳ ನೋಡಿದರು. ಆಮೇಲೆ, ಇಡೀ ಸಭೆ ನೋಡುತ್ತಿರುವಂತೆ, ತೋರುಬೆರಳನ್ನು ಅದ್ದಿ ನಾಲಗೆಗೆ ತಾಗಿಸಿದರು. ಈ ಸಲ ಯಾರೂ ಕೆಮ್ಮಲಿಲ್ಲ. ವಿನೋದಿನಿ ಅವರ ಬಾಯಿಯನ್ನೇ ನೋಡುತ್ತಿದ್ದಳು.

ಸೇವಂತಿಬಾಯಿ ನೋಡಿದ್ದು ಪಾದ್ರಿಗಳನ್ನಲ್ಲ, ಅವಳನ್ನು.

"ಉಪ್ಪಿಲ್ಲ," ಎಂದರು.