ಪಿಯಾನೋ ತಿಪ್ಪಕ್ಕನ ಹೆಸರು

ಒಬ್ಬ ಹೆಣ್ಣುಮಗಳು ಮೂವತ್ತೊಂದು ವರ್ಷದಿಂದ ಹೊಸಪೇಟೆ, ಹಂಪಿ ಸುತ್ತಿನ ಹೋಟೆಲುಗಳಲ್ಲಿ ಜಾಝ್ ಪಿಯಾನೋ ನುಡಿಸುತ್ತಿದ್ದಾಳೆ, ಆದರೂ ಅವಳ ಹೆಸರು ಒಂದು ಕಾಗದದ ಮೇಲೂ ಅಚ್ಚಾಗಿಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು. ಅವಳೀಗ ದುಡಿಯುವ ರೆಸಾರ್ಟಿನ ಫಲಕ ಓದಿ: ಏಸಿ ಕೋಣೆ, ಈಜುಕೊಳ, ಲೈವ್ ಪಿಯಾನೋ. ಈಜುಕೊಳಕ್ಕೆ ಹೆಸರು ಬೇಡ, ಸರಿ. ಪಿಯಾನೋ ಮುಂದೆ ಕೂತ ಜೀವಕ್ಕೂ ಬೇಡವೇ?

ಅವಳು ತಿಪ್ಪಕ್ಕ, ಕಂಪ್ಲಿಯವಳು. ಅಪ್ಪ ಹುಸೇನಪ್ಪ ನಾಟಕಗಳಿಗೆ ಕಾಲು ಹಾರ್ಮೋನಿಯಂ ನುಡಿಸುವ ಮಾಸ್ತರ. ಕಾಲಲ್ಲಿ ತಿದಿ ಒತ್ತುತ್ತ ಎರಡೂ ಕೈ ಆಡಿಸುವ ವಾದ್ಯ ಅದು. ಜನ ‘ಒನ್ಸ್ ಮೋರ್’ ಎಂದು ಕೂಗಿದರೆ ಅದೇ ಹಾಡು ಮತ್ತೆ ಬರಬೇಕು, ಆದರೆ ಅದೇ ಥರ ಬರಬಾರದು. ಬಂತೋ, ಮುಂದಿನ ಸಾಲಿನವರೇ, “ಮಾಸ್ತರ, ಹಳಸಿದ್ದು ಬಡಸಬ್ಯಾಡ್ರಿ!” ಎನ್ನುತ್ತಿದ್ದರು. ಹುಸೇನಪ್ಪ ಪ್ರತಿ ಸಲ ಹೊಸ ತಿರುವು ಹಾಕುತ್ತಿದ್ದ.

ನಾಟಕಗಳು ಕಡಿಮೆಯಾದ ಮೇಲೆ ಅವನು ಸಂಡೂರಿನ ಗಣಿ ಕಂಪನಿಯೊಂದರ ಕ್ಲಬ್ಬಿಗೆ ಕೆಲಸಕ್ಕೆ ಸೇರಿದ. ಅಲ್ಲೊಂದು ಪಿಯಾನೋ ಇತ್ತು. ಅದಿರಿನ ಕೆಂಪು ಧೂಳು ಹೊಕ್ಕು ಅರ್ಧ ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ. ಕೋಲಾರದ ಚಿನ್ನದ ಗಣಿಯಿಂದ ಬಂದಿದ್ದ ಆಂಗ್ಲೋ ಇಂಡಿಯನ್ ಫೋರ್‌ಮನ್ ಡೆನ್ಜಿಲ್ ಹಗಲೆಲ್ಲ ಮದ್ದು ಇಟ್ಟು ಗುಡ್ಡ ಸಿಡಿಸಿ, ಸಂಜೆ ಆ ಧೂಳು ಒರೆಸಿ ಜಾಝ್ ನುಡಿಸುತ್ತಿದ್ದರು. ಹನ್ನೆರಡು ವರ್ಷದ ತಿಪ್ಪಕ್ಕ ಬಾಗಿಲಲ್ಲಿ ನಿಂತು ಕೇಳುವಳು. ಒಂದು ದಿನ ತಡೆಯಲಾರದೆ, “ಸಾಹೇಬ್ರ, ನಿನ್ನಿ ಇದನ್ನ ಬ್ಯಾರೆ ಥರ ಬಾರಿಸಿದ್ರಿ?” ಎಂದಳು.

“ನಿನ್ನೆ ನನಗೆ ಜ್ವರ ಇರಲಿಲ್ಲಮ್ಮ,” ಎಂದರು ಡೆನ್ಜಿಲ್.

ಹುಡುಗಿ ಹೊಟ್ಟೆ ಹಿಡಿದು ನಕ್ಕಳು. ಒಂದೇ ಹಾಡನ್ನು ಪ್ರತಿ ಸಲ ಹೊಸದಾಗಿ ನುಡಿಸುವ ಅಪ್ಪನ ವಿದ್ಯೆಗೆ ಪರದೇಶದಲ್ಲಿ ಜಾಝ್ ಎನ್ನುವ ಹೆಸರಿದೆ ಎಂದು ಅವಳಿಗೆ ಅಂದೇ ತಿಳಿಯಿತು. ಎಂಟು ವರ್ಷ ಡೆನ್ಜಿಲ್ ಹತ್ತಿರ ಕಲಿತಳು. ಆಮೇಲೆ ಹೋಟೆಲು, ಆರತಕ್ಷತೆ, ಮತ್ತೆ ಹೋಟೆಲು. ಜನ ಪಿಯಾನೋ ಮೇಲೆ ಎಂಜಲು ತಟ್ಟೆ ಇಟ್ಟು ಹೋದರು, ಮಕ್ಕಳನ್ನು ಕೂರಿಸಿ ಫೋಟೋ ತೆಗೆದರು. ತಿಪ್ಪಕ್ಕ ತಟ್ಟೆ ಎತ್ತಿಟ್ಟಳು, ನುಡಿಸಿದಳು.

ಹೋದ ಚಳಿಗಾಲದಲ್ಲಿ ಹೊಸಪೇಟೆಯ ಒಂದು ಕಲಾ ಸಮಿತಿ ಮೂರು ದಿನದ ಸಂಗೀತ ಕಾರ್ಯಕ್ರಮ ಗೊತ್ತುಮಾಡಿತು. ಮೂರನೆಯ ಸಂಜೆ ಪೂರ್ತಿ ಅವಳದೇ, ಆಮಂತ್ರಣದಲ್ಲಿ ಹೆಸರು ಹಾಕುತ್ತಾರಂತೆ. ಐವತ್ತೆರಡರ ತಿಪ್ಪಕ್ಕ ಎಂಟು ದಿನ ನೆಲದ ಮೇಲೆ ನಡೆಯಲಿಲ್ಲ.

ಮೊದಲು ಸಮಿತಿಯವರು ಕೇಳಿ ಒಪ್ಪಬೇಕಿತ್ತು. ಅಪ್ಪನ ನಾಟಕದ ಒಂದು ಹಾಡಿನ ಮಟ್ಟನ್ನು ಹಿಡಿದು ಅವಳು ನುಡಿಸಿದಳು. ಕಾರ್ಯದರ್ಶಿ ಭಾರ್ಗವ್ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರು. ಎಲ್ಲರೂ ತಲೆದೂಗಿದರು. ಅಷ್ಟರಲ್ಲಿ ಅಧ್ಯಕ್ಷ ಜಡೆಪ್ಪ ಬಂದರು. ಕಂಪ್ಲಿಯ ಅಕ್ಕಿ ಗಿರಣಿ ಯಜಮಾನರು. ಅವರಿಗಾಗಿ ಅದನ್ನೇ ಇನ್ನೊಮ್ಮೆ ನುಡಿಸಿದಳು. ಮುಗಿಯುವಷ್ಟರಲ್ಲಿ ಭಾರ್ಗವ್ ಹುಬ್ಬು ಗಂಟಾಗಿತ್ತು.

“ತಿಪ್ಪಕ್ಕಾರ, ಎರಡಕ್ಕೂ ತಾಳೆ ಆಗವಲ್ದಲ್ರಿ. ಮೊದಲ ಸರಿ ಬಾರಿಸಿದ್ರಿ, ಈಗ ತಪ್ಪಿದ್ರಿ.”

“ತಪ್ಪಿಲ್ರಿ. ಮಟ್ಟು ಅದ ಐತಿ. ನೀವು ಮನ್ಯಾಗ ದಿನಾ ಒಂದ ಮಾತು ಆಡ್ತೀರೇನ್ರಿ?”

“ಹೌದವ್ವ, ಬೇಕಾದ್ರ ಅವ್ರ ಮನ್ಯಾಗ ಕೇಳಿ ನೋಡು,” ಎಂದು ಸದಸ್ಯರೊಬ್ಬರು ನಕ್ಕರು.

ಭಾರ್ಗವ್ ನಗಲಿಲ್ಲ. “ನಾವು ಒಪ್ಪಿದ್ದು ಒಂದು, ವೇದಿಕಿ ಮ್ಯಾಲ ಬರೋದು ಇನ್ನೊಂದು ಆದ್ರ ಯಾರು ಜವಾಬ್ದಾರಿ? ಫೋನಿನ್ಯಾಗ ಇದ್ದಂಗ ಬಾರಿಸ್ತೀನಿ ಅಂತ ಬರದು ಕೊಡ್ರಿ. ಇಲ್ಲಂದ್ರ ಹೆಸರು ಹಾಕಾಕ ಆಗಾಂಗಿಲ್ಲ.”

ತಿಪ್ಪಕ್ಕ ಜಡೆಪ್ಪನವರ ಕಡೆ ತಿರುಗಿದಳು. ಪ್ರಾಯದಲ್ಲಿ ಹುಸೇನಪ್ಪನ ಮುಂದೆ ಗಂಟಲು ಹರಿಯುವಂತೆ ಒನ್ಸ್ ಮೋರ್ ಕೂಗಿದ ಮನುಷ್ಯ ಇವರು. “ಯಜಮಾನ್ರ, ನೀವರ ಹೇಳ್ರಿ. ನಮ್ಮಪ್ಪ ಒಂದ ಥರ ಎರಡು ಸಲ ಬಾರಿಸಿದ್ರ ನೀವು ಸುಮ್ಮನಿರ್ತಿದ್ರೇನ್ರಿ?”

ಜಡೆಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು. “ಅದು ನಾಟಕ ಬಿಡವ್ವ. ಇದು ಇಂಗ್ಲಿಷ್ ಬಾಜಾ. ಇದಕ್ಕ ರೂಲ್ಸ್ ಇರ್ತಾವ.”

ರೂಲ್ಸ್! ಆಗಿನ ಹೊತ್ತಿಗೆ ಏನು ಹೊಳೆಯುತ್ತದೋ ಅದೇ ಉಸಿರಾದ ವಿದ್ಯೆಗೆ ಗಿರಣಿ ಯಜಮಾನರ ರೂಲ್ಸ್! ತಿಪ್ಪಕ್ಕನ ಮೈ ಉರಿದುಹೋಯಿತು. ಫೋನ್ ಇಸಿದುಕೊಂಡು ಒಂದು ಸಲ ಪೂರ್ತಿ ಕೇಳಿದಳು, ಹಿಂದಕ್ಕೆ ಕೊಟ್ಟಳು, ಕೂತಳು. ಸ್ವರಕ್ಕೆ ಸ್ವರ, ಹೊರಗೆ ಲಾರಿ ಹಾರ್ನ್ ಹೊಡೆದಾಗ ತಾನು ಅರೆಗಳಿಗೆ ನಿಂತಿದ್ದೂ ಸೇರಿ, ಹಾಗೇ ನುಡಿಸಿದಳು.

“ಶಭಾಷ್! ಬರ್ತೈತಲ್ರಿ ಮತ್ತ!” ಭಾರ್ಗವ್ ಕುರ್ಚಿಯಿಂದ ಎದ್ದೇಬಿಟ್ಟರು.

“ಬರ್ತೈತ್ರಿ. ಬರ್ತೈತಿ ಅಂತ ತೋರಿಸೀನಿ. ಆದ್ರ ಬಾರಿಸಾಂಗಿಲ್ಲ.”

“ಯಾಕ್ರಿ?”

“ಅದು ನಿಮ್ಮ ಫೋನಿನ್ಯಾಗ ಐತಲ್ಲ? ಅದನ್ನ ವೇದಿಕಿ ಮ್ಯಾಲ ಕುಂದರಿಸ್ರಿ. ಶಾಲು ಹೊದಿಸ್ರಿ, ಹಾರ ಹಾಕ್ರಿ. ಅದು ಒಂದು ಸಲಾನೂ ತಪ್ಪಂಗಿಲ್ಲ.”

“ಸಿಟ್ಟಾಗಬ್ಯಾಡ್ರಿ ಅಕ್ಕಾರ, ಒಂದು ಸಹಿ ಅಷ್ಟ,” ಎಂದು ಭಾರ್ಗವ್ ಪೆನ್ನು, ಆಮಂತ್ರಣದ ಕರಡು ಪ್ರತಿ ಮುಂದೆ ತಳ್ಳಿದರು. ಮೂರನೆಯ ಸಂಜೆಯ ಕೆಳಗೆ ಟೈಪಾಗಿತ್ತು: ಶ್ರೀಮತಿ ತಿಪ್ಪಕ್ಕ ಹುಸೇನಪ್ಪ, ಜಾಝ್ ಪಿಯಾನೋ. ತನ್ನ ಹೆಸರನ್ನು ಅಚ್ಚಿನಲ್ಲಿ ಅವಳು ನೋಡಿದ್ದು ಅದೇ ಮೊದಲು. ಎರಡು ಸಲ ಓದಿದಳು. ಆಮೇಲೆ ಪೆನ್ನು ತೆಗೆದುಕೊಂಡು ಅದರ ಮೇಲೆ ಗೆರೆ ಎಳೆದಳು. ಅಕ್ಷರ ಕಾಣುತ್ತಿತ್ತು, ಮತ್ತೆ ಎಳೆದಳು. ಒಂದಕ್ಷರವೂ ಓದಲಾಗದಂತೆ ಮಾಡಿ ಎದ್ದು ಹೋದಳು.

ಮೂರನೆಯ ಸಂಜೆ ಏನಾಯಿತು ಗೊತ್ತೇ? ಹನ್ನೊಂದು ಜನರಿಗೆ ಸನ್ಮಾನ. ಮೊದಲ ಶಾಲು ಜಡೆಪ್ಪನವರಿಗೇ. ಪಿಯಾನೋ ಎಲ್ಲಿ ಎಂದು ಒಬ್ಬರೂ ಕೇಳಲಿಲ್ಲ.

ಅದೇ ಹೊತ್ತಿಗೆ ತಿಪ್ಪಕ್ಕ ರೆಸಾರ್ಟಿನಲ್ಲಿ, ಸೂಪು ಕುಡಿಯುವವರ ನಡುವೆ ಅದೇ ಮಟ್ಟು ಹಿಡಿದು, ಹಿಂದೆಂದೂ ನುಡಿಸದ ಹಾಗೆ ನುಡಿಸುತ್ತಿದ್ದಳು, ಗಾಜಿನ ಲೋಟಗಳು ನಡುಗುವಷ್ಟು ಜೋರಾಗಿ. ಸದ್ದು ಕಡಿಮೆ ಮಾಡಲು ಹೇಳೋಣವೆಂದು ಮ್ಯಾನೇಜರ್ ದಡದಡ ಬಂದ. ಅವಳ ಮುಖ ನೋಡಿದ. ಬಂದ ದಾರಿಯಲ್ಲೇ ವಾಪಸು ಹೋದ.