ಚಿಕ್ಕತಾಯಮ್ಮನವರ ದಸರಾ ಬಂದೋಬಸ್ತು

ಚಿಕ್ಕತಾಯಮ್ಮನವರ ಮನೆಯಲ್ಲಿ ಒಂದು ಬೆಂಕಿಪೊಟ್ಟಣ ಇತ್ತು. ದೇವರ ಗೂಡಿನಲ್ಲಿ, ಕುಂಕುಮದ ಬಟ್ಟಲಿನ ಪಕ್ಕ, ತಾನೂ ಒಂದು ಬೊಟ್ಟು ಇಡಿಸಿಕೊಂಡು ಕೂತಿರುತ್ತಿತ್ತು. ಅದರಿಂದ ಒಂದು ಕಡ್ಡಿ ತೆಗೆದು ಗೀರಿದ್ದನ್ನು ಮಾತ್ರ ನಾನು ಕಂಡವಳಲ್ಲ. ಬೆಳಗಾದರೆ ಕೈಯಲ್ಲೊಂದು ತೆಂಗಿನ ಚಿಪ್ಪು ಹಿಡಿದು ಅಂಗಳಕ್ಕೆ ಬರುವರು, ವಠಾರದ ಯಾವ ಮನೆಯ ಹೆಂಚಿನಿಂದ ಮೊದಲು ಹೊಗೆ ಎದ್ದಿತೆಂದು ಕತ್ತೆತ್ತಿ ನೋಡುವರು, ನೇರ ಆ ಮನೆಗೆ ನುಗ್ಗುವರು. "ಒಂದು ಕೆಂಡ ಕೊಡು ಮಗ. ಬೆಂಕಿ ಕೊಟ್ರೆ ಕಮ್ಮಿ ಆಯ್ತದಾ?" ಕಮ್ಮಿ ಆಗುವುದಿಲ್ಲ, ನಿಜ. ಆದರೆ ಕಡ್ಡಿ ಗೀರಿದವರು ಯಾವಾಗಲೂ ನಾವೇ.

ಮಂಡಿ ಮೊಹಲ್ಲಾದ ಆ ವಠಾರಕ್ಕೆ ನಾನು ಮದುವೆಯಾಗಿ ಬಂದಾಗ ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷ ಆಗಿತ್ತು. ನನ್ನ ತವರು ಊರಿಗೆ ಅಂಟಿಕೊಂಡ ಕೆಸರೆ. ನನ್ನ ಯಜಮಾನರು ಮಿಲ್ಲಿನ ಕೆಲಸಗಾರರು. ಪಕ್ಕದ ಮನೆಯ ಚಿಕ್ಕತಾಯಮ್ಮನವರ ಯಜಮಾನರು ನಿಂಗಪ್ಪನವರು ಸರ್ಕಾರಿ ಕಚೇರಿಯ ಜವಾನರು. ಎರಡೂ ಮನೆಗೆ ಬರುತ್ತಿದ್ದ ಸಂಬಳ ಹೆಚ್ಚುಕಮ್ಮಿ ಒಂದೇ. ಆದರೂ ತಿಂಗಳ ಕೊನೆಗೆ ನಮ್ಮ ಡಬ್ಬಗಳು ಬಡಿದರೆ ಡೋಲಿನಂತೆ ಸದ್ದು ಮಾಡುತ್ತಿದ್ದವು, ಅವರವು ಕಲ್ಲಿನಂತೆ ಸುಮ್ಮನಿರುತ್ತಿದ್ದವು.

ನಾನು ಬಂದ ಮೊದಲ ವಾರವೇ ಅವರು ನನ್ನ ಅಡಿಗೆಮನೆಯ ತಪಾಸಣೆಗೆ ಬಂದರು. ಕಾಲು ಸೇರು ಬೇಳೆಯ ಕಾಗದದ ಪೊಟ್ಟಣವನ್ನು ಎರಡು ಬೆರಳಲ್ಲಿ ಸತ್ತ ಇಲಿ ಎತ್ತುವ ಹಾಗೆ ಎತ್ತಿ ಹಿಡಿದು ಕೇಳಿದರು:

"ಇದೇನು ಜಯಮ್ಮ ಇದು, ಔಷಧಿಯಾ?"

"ಬೇಳೆ ಕಣಕ್ಕ. ಬೇಕಾಗಿತ್ತು, ತಂದೆ."

"ಬೇಕಾದಾಗ ಕೊಳ್ಳೋರು ಅಂಗ್ಡಿಯೋನ ಮಕ್ಕಳ್ನ ಸಾಕ್ತಾರೆ ಕಣ್ ಮಗ. ಬ್ಯಾಡ್ದೆ ಇದ್ದಾಗ ಕೊಂಡುಕೋ."

ಇವತ್ತು ನನ್ನದೇ ಒಂದು ದಿನಸಿ ಅಂಗಡಿ ಇದೆ. ಬೇಕಾದಾಗ ಕೊಳ್ಳುವ ಪುಣ್ಯಾತ್ಮರೇ ನನ್ನ ಇಬ್ಬರು ಮಕ್ಕಳನ್ನೂ ಓದಿಸಿದ್ದು. ಆದ್ದರಿಂದ ಈ ಮಾತನ್ನು ನಾನು ಗಲ್ಲಾದ ಮುಂದೆ ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಕೊಳ್ಳುವುದಕ್ಕೆ ಅವರದೊಂದು ಹೊತ್ತಿತ್ತು. ಹಳ್ಳಿಯ ಗಾಡಿಗಳು ಹುಣಸೆಹಣ್ಣು, ಬೆಲ್ಲ, ರಾಗಿ ತುಂಬಿಕೊಂಡು ಬೆಳಿಗ್ಗೆಯೇ ಬರುತ್ತಿದ್ದವು. ಆಗ ಇವರು ಮೂಸಿ ನೋಡಿ, ಮೂಗು ಮುರಿದು ಬರುವರು. ಸಂಜೆ ಬಿಸಿಲು ಇಳಿದ ಮೇಲೆ ಚೀಲ ಹಿಡಿದು ಮತ್ತೆ ಹೊರಡುವರು. "ಎತ್ತು ಊರ ಕಡೆ ಮಖ ಮಾಡ್ದಾಗ ಬೆಲೆ ಕೇಳ್ಬೇಕು" ಎನ್ನುವುದು ಅವರ ಸೂತ್ರ. ನಲವತ್ತು ವರ್ಷದ ವ್ಯಾಪಾರದಲ್ಲಿ ನಾನು ಇದಕ್ಕಿಂತ ದೊಡ್ಡ ವಿದ್ಯೆ ಕಲಿತಿಲ್ಲ. ಎತ್ತು ಹೋಗಿ ಲಾರಿ ಬಂದರೂ ವಿದ್ಯೆ ಅದೇ.

ತಂದದ್ದನ್ನು ಒಪ್ಪ ಮಾಡುವುದನ್ನೂ ನೋಡಬೇಕಿತ್ತು. ಹುಣಸೆ ಬಿಡಿಸಿ, ಉಪ್ಪು ಹಾಕಿ ಉಂಡೆ ಕಟ್ಟಿ ಜಾಡಿಗೆ ತುಂಬಿದರೆ ಬೀಜ ಮಾರಾಟಕ್ಕೆ. ಅಡಿಗೆ ಮುಗಿದ ಗಳಿಗೆಯೇ ಕೊಳ್ಳಿ ಎಳೆದು ನೀರು ಚಿಮುಕಿಸಿದರೆ ಇದ್ದಿಲು. ಆ ಇದ್ದಿಲು ಇಸ್ತ್ರಿಯವನಿಗೆ, ಅದಕ್ಕೆ ಬದಲಾಗಿ ನಿಂಗಪ್ಪನವರ ಕಚೇರಿ ಕೋಟಿಗೆ ವಾರಕ್ಕೊಂದು ಇಸ್ತ್ರಿ. ಜವಾನರ ಕೋಟಿನ ಗೆರೆ ಸಾಹೇಬರ ಕೋಟಿಗೂ ಇರಲಿಲ್ಲವಂತೆ. ವರ್ಷಕ್ಕಾಗುವ ರಾಗಿ, ಅಕ್ಕಿ, ಬೆಲ್ಲ, ಅವರೆಬೇಳೆ, ಉಪ್ಪಿನಕಾಯಿ, ಕಾಸಿದ ತುಪ್ಪ ಎಲ್ಲ ಹೀಗೆ ಒಂದು ಸಣ್ಣ ಕೋಣೆಯಲ್ಲಿ ಕೋಟೆ ಕಟ್ಟಿದ ಹಾಗೆ ಕೂಡುತ್ತಿತ್ತು.

ಈ ಕೋಟೆಗೆ ಒಬ್ಬನೇ ಶತ್ರು: ದಸರಾ.

ಮೈಸೂರಲ್ಲಿ ಮನೆ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷವಿಡೀ ಸತ್ತಿರಾ ಬದುಕಿದಿರಾ ಎಂದು ಕೇಳದ ನೆಂಟರಿಗೆ ನವರಾತ್ರಿ ಬಂತೆಂದರೆ ಕರುಳು ಮಿಡಿಯುತ್ತದೆ. ನಿಂಗಪ್ಪನವರ ಕಡೆಯವರು ನಂಜನಗೂಡಿನಾಚೆಯಿಂದ ಗಾಡಿ ಕಟ್ಟಿಕೊಂಡು ಬಂದರೆ ಬನ್ನಿಮಂಟಪದ ಪಂಜಿನ ಕವಾಯತು ಮುಗಿಯುವವರೆಗೂ ಎತ್ತು ಬಿಚ್ಚಿದ್ದು ಬಿಚ್ಚಿದ ಹಾಗೇ. ಅವರು ಹೋಗುವ ಹೊತ್ತಿಗೆ ಕೋಟೆಯಲ್ಲಿ ಉಳಿಯುತ್ತಿದ್ದುದು ಉಪ್ಪು ಮಾತ್ರ.

ಚಿಕ್ಕತಾಯಮ್ಮನವರು ಸುಳ್ಳು ಹೇಳುವವರಲ್ಲ. ಇರುವುದನ್ನು ಇಲ್ಲ ಎಂದರೆ ನಾಲಿಗೆಗೆ ಹುಳ ಬೀಳುತ್ತದೆ ಎಂದು ನಂಬಿದವರು. ಅದಕ್ಕೆ ಅವರೇ ಪರಿಹಾರ ಕಂಡುಕೊಂಡರು. "ಇಲ್ಲ ಅನ್ನೋ ಮಾತು ನಿಜ ಆಗ್ಬೇಕು ಅಂದ್ರೆ, ಇರೋದ್ನ ಇಲ್ದಂಗೆ ಮಾಡ್ಬೇಕು, ತಿಳೀತಾ?" ಪಾಡ್ಯಕ್ಕೆ ಮುಂಚೆ ಅಕ್ಕಿಮೂಟೆ, ಬೆಲ್ಲ, ತುಪ್ಪ, ಜಾಡಿಗಳೆಲ್ಲ ನಮ್ಮ ಮನೆಯ ಮಂಚದ ಕೆಳಗೆ ಬಂದವು, ಮರೆಗೆ ಮಂಚದ ಮೇಲಿನಿಂದ ಇಳಿಬಿಟ್ಟ ಒಂದು ಕಂಬಳಿ. ನಮ್ಮ ಮನೆಯೇ ಏಕೆಂದರೆ, ನನ್ನ ತವರಿನವರು ಪಂಜಿನ ಕವಾಯತು ನೋಡಿ ಕೆಸರೆಗೆ ನಡೆದೇ ಹೋಗುತ್ತಿದ್ದರು. ನಮ್ಮಲ್ಲಿ ಉಳಿಯುವ ನೆಂಟರೇ ಇಲ್ಲ. ಹಬ್ಬದಲ್ಲಿ ಅವರು ನೆಂಟರೆದುರು ಸತ್ಯವಂತರಾಗಿ ಸೆರಗು ಕೊಡವುವರು: "ಬೇಕಾದ್ರೆ ಕ್ವಾಣೆ ನೋಡ್ಬುಡಿ, ರಾಗಿ ಬುಟ್ರೆ ಏನೂ ಇಲ್ಲ." ಎಲ್ಲರಿಗೂ ಮುದ್ದೆ, ಉಪ್ಸಾರು. ಈ ಬಂದೋಬಸ್ತು ಎರಡು ದಸರಾ ದಾಟಿತು.

ಮೂರನೆಯದಕ್ಕೆ ನಿಂಗಪ್ಪನವರ ಅಕ್ಕ ಪುಟ್ಟಮ್ಮಣ್ಣಿಯವರು ಎಂದಿನಂತೆ ಬಂದರು. ದಪ್ಪ ಹೆಂಗಸು, ದೊಡ್ಡ ಗಂಟಲು. ಗಂಡ ತೀರಿಕೊಂಡ ಮೇಲೆ ಊರಲ್ಲಿ ಮಗ ಸೊಸೆಯ ಜೊತೆ ಇದ್ದವರು. ಒಂದು ಮಧ್ಯಾಹ್ನ ನಮ್ಮ ಬಾಗಿಲಿಗೆ ಬಂದು, "ಅಲ್ಲಿ ಕಾಲು ಚಾಚೋಕೆ ಜಾಗ ಇಲ್ಲ ಕಣವ್ವ, ಒಂದು ಗಳಿಗೆ ಇಲ್ಲಿ ಒರಗ್ತೀನಿ" ಎಂದರು. ಮಂಚ ಬೇಡವೆಂದು ತಂಪಾದ ನೆಲದ ಮೇಲೇ ಒರಗಿದರು. ಕಂಬಳಿಯನ್ನು ಇಳಿಬಿಟ್ಟಿದ್ದು ನಿಂತು ನೋಡುವವರಿಗೆ. ನೆಲದಲ್ಲಿ ಮಲಗಿ ನೋಡುವವರನ್ನು ನಾವು ಯಾರೂ ಯೋಚಿಸಿರಲಿಲ್ಲ.

"ಏಯ್! ಇದು ನಮ್ಮವ್ವನ ಜಾಡಿ ಅಲ್ವಾ?"

"ಅಲ್ಲ... ಅಂಥಾದ್ದು ಎಲ್ಲಾ ಕಡೆ ಸಿಕ್ತದೆ" ಎಂದೆ.

"ಸುಮ್ನಿರು. ಈ ಬಾಯಿ ಮುಕ್ಕು ಮಾಡ್ದೋಳೇ ನಾನು. ಅವ್ವ ಕೊಟ್ಟ ಏಟು ಇನ್ನೂ ಬೆನ್ನಲ್ಲದೆ."

ಏನಾದರೂ ಹೇಳಲೇಬೇಕಿತ್ತು. "ನಾನು ಕೊಂಡುಕೊಂಡೆ" ಎಂದುಬಿಟ್ಟೆ.

ಪುಟ್ಟಮ್ಮಣ್ಣಿಯವರ ಮುಖ ಬಾಡಿತು. "ನಮ್ ನಿಂಗ ಅವ್ವನ ಜಾಡಿ ಮಾರ್ಕೊಳೋ ಗತಿಗೆ ಬಂದ್ನಾ? ಅದಕ್ಕೇ ದಿನಾ ಮುದ್ದೆ, ಉಪ್ಸಾರು! ನಾನು ನೋಡು, ನಾಚ್ಕೆ ಇಲ್ದೆ ಇನ್ನೊಂದಿಕ್ಕು ಅಂತೀನಿ!" ಅಳುತ್ತಲೇ ಎದ್ದು ಕೂತರು. "ಎಷ್ಟು ಕೊಟ್ಟೆ ಹೇಳು. ನಾನು ಬಿಡುಸ್ಕೊಂಡು ಅವ್ನಿಗೆ ಕೊಡ್ತೀನಿ."

ಜಾಡಿ ಹೊರಟರೆ ಅದರ ಹಿಂದಿದ್ದ ಮೂಟೆಗಳೂ ಹೊರಬರುತ್ತವೆ. ಹೆದರಿಸಿ ಓಡಿಸೋಣ ಎಂದು ಇಪ್ಪತ್ತು ರೂಪಾಯಿ ಎಂದೆ. ಆ ಕಾಲಕ್ಕೆ ಅಂಥ ಜಾಡಿಗೆ ಅದು ಹಗಲುದರೋಡೆ. ಅವರು ತೋಳಿನ ಬೆಳ್ಳಿ ಕಡಗಕ್ಕೆ ಕೈ ಹಾಕಿದರು. ಗಾಬರಿಯಾಗಿ ಮೂವತ್ತು ಎಂದೆ. ಅವರು ಇನ್ನೊಂದು ತೋಳಿನ ಕಡಗಕ್ಕೂ ಕೈ ಹಾಕಿದರು. ನನ್ನ ಅನುಭವದ ಮಾತು ಕೇಳಿ: ಅಳುವವರ ಜೊತೆ ಎಂದೂ ಚೌಕಾಸಿಗೆ ಇಳಿಯಬೇಡಿ.

ಅಷ್ಟರಲ್ಲಿ ಬಾಗಿಲಲ್ಲಿ ಚಿಕ್ಕತಾಯಮ್ಮನವರು ನಿಂತಿದ್ದರು. ಅಳು ಕೇಳಿ ಬಂದವರು ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಒಂದು ಮಾತು ಹೇಳ್ಬಾರ್ದಿತ್ತಾ ಚಿಕ್ಕತಾಯಿ?" ಎಂದರು ಪುಟ್ಟಮ್ಮಣ್ಣಿ. "ಸೊಸೆ ಕಣ್ಣು ತಪ್ಸಿ ಮಗನ ಕೈಲೇ ವರ್ಸಕ್ಕೊಂದು ಮೂಟೆ ಅಕ್ಕಿ ಕಳಿಸ್ತಿದ್ದೆ. ಈಗ್ಲೂ ಕಳಿಸ್ತೀನಿ ಬುಡು."

ಬಿಟ್ಟಿ ಒಂದು ಮೂಟೆ ಅಕ್ಕಿ! ನಾನು ಚಿಕ್ಕತಾಯಮ್ಮನವರ ಮುಖವನ್ನೇ ನೋಡಿದೆ. ಸುಮ್ಮನೆ ತಲೆ ತಗ್ಗಿಸಿದ್ದರೆ ಸಾಕಿತ್ತು. ಸುಳ್ಳು ಹೇಳಿದ್ದು ನಾನು, ಅವರಲ್ಲ. ಇಂಥ ವ್ಯಾಪಾರವನ್ನು ಆಕೆ ಬಿಟ್ಟದ್ದನ್ನು ನಾನು ಕಂಡಿರಲಿಲ್ಲ.

"ಮೂಟೆ ಬ್ಯಾಡ ಅತ್ಗೆ" ಎಂದರು. "ನಿಮ್ ತಮ್ಮನಿಗೆ ಗತಿ ಇಲ್ಲ ಅಂತ ಮಾತ್ರ ಅನ್ಬೇಡಿ. ಜಾಡಿ ಮಾರಿಲ್ಲ. ನಾನೇ ಬಚ್ಚಿಟ್ಟಿವ್ನಿ. ನೀವು ಉಂಡ್ಬುಡ್ತೀರ ಅಂತ. ನನ್ನ ಜಿಪುಣಿ ಅನ್ನಿ, ಊರೆಲ್ಲಾ ಸಾರಿ, ಉಗೀರಿ. ಅವ್ರನ್ನ ಬಡವ ಅನ್ಬೇಡಿ."

ಕಂಬಳಿಯನ್ನು ತಾವೇ ಎಳೆದು ತೋರಿಸಿದರು.

ಪುಟ್ಟಮ್ಮಣ್ಣಿಯವರು ಮೂಟೆಗಳನ್ನು ನೋಡಿದರು, ಜಾಡಿಗಳನ್ನು ನೋಡಿದರು, ಕಡಗಗಳನ್ನು ಮತ್ತೆ ತೋಳಿಗೆ ಏರಿಸಿಕೊಂಡರು. ನಾನು ವಠಾರವೇ ಹಾರಿಹೋಗುವ ಬೈಗುಳಕ್ಕೆ ಕಾದೆ.

"ಅಲ್ಲಿ ಸೊಸೆ ಉಗ್ರಾಣಕ್ಕೆ ಬೀಗ ಜಡೀತಾಳೆ. ಇಲ್ಲಿ ನೀನು ಉಗ್ರಾಣಾನೇ ಸಾಗಿಸ್ಬುಟ್ಟಿದ್ದೀಯ" ಎಂದರು. "ನನ್ನೊಂದು ಒಟ್ಟೆಗೆ ಎಷ್ಟು ಜನ ಎದರ್ತೀರೇ!" ಆಮೇಲೆ ದನಿ ತಗ್ಗಿತು. "ವರ್ಸವೆಲ್ಲಾ ಅಳತೆ ಅನ್ನ ಕಣೇ ನಂಗೆ. ಹತ್ತು ದಿನ ತಮ್ಮನ ಮನೇಲಿ ಒಟ್ಟೆ ತುಂಬ ಉಣ್ಣನ ಅಂತ ಬತ್ತೀನಿ. ಆನೆ ನೋಡಕ್ಕಲ್ಲ."

ಚಿಕ್ಕತಾಯಮ್ಮನವರು ಮಾತನ್ನೂ ಅಳೆದೇ ಖರ್ಚು ಮಾಡುವವರು. ನನ್ನ ಕಡೆ ತಿರುಗಿ, "ಒಲೆ ಹಚ್ಚು" ಎಂದರು. ನಮ್ಮ ಸೌದೆ, ನಮ್ಮ ಕಡ್ಡಿ, ಅವರ ಅಕ್ಕಿ. ಬಿಸಿ ಅನ್ನಕ್ಕೆ ತುಪ್ಪ, ಅವರೆಬೇಳೆ ಸಾರು, ಮಾವಿನಮಿಡಿ ಉಪ್ಪಿನಕಾಯಿ. ಬಾಗಿಲು ಹಾಕಿ ಬಡಿಸಿದರು, ಪಕ್ಕದ ಮನೆಯ ನೆಂಟರ ಮೂಗಿಗೆ ವಾಸನೆ ಹೋಗದಿರಲೆಂದು ಕಿಟಕಿಯನ್ನೂ ಮುಚ್ಚಿಸಿದರು. ಪುಟ್ಟಮ್ಮಣ್ಣಿಯವರು ಉಣ್ಣುತ್ತಲೇ ಪಿಸುಗುಟ್ಟಿದರು: "ಆ ಮನೇಲಿ ಕುಂತಿರೋ ನಮ್ ದಾಯಾದಿ ಮಾದನ ಹೆಂಡ್ತಿಗೆ ಗೊತ್ತಾದ್ರೆ ಜಾಡಿ ನೆಕ್ಬುಡ್ತಾಳೆ. ಕಂಬಳಿ ಇನ್ನಷ್ಟು ಕೆಳಕ್ಕೆ ಇಳಿಬುಡಿ."

ಮುಂದಿನ ವರ್ಷದಿಂದ ಆಕೆ ಹಬ್ಬಕ್ಕೆ ನಾಲ್ಕು ದಿನ ಮೊದಲೇ ಬಂದು ಮೂಟೆ ಸಾಗಿಸುವುದಕ್ಕೆ ಕೈ ಕೊಡುತ್ತಿದ್ದರು. ಹಬ್ಬದ ಮಧ್ಯಾಹ್ನಗಳಲ್ಲಿ ಚಿಕ್ಕತಾಯಮ್ಮನವರು ನೆಂಟರೆಲ್ಲರ ಎದುರು, "ಅತ್ಗೆ, ನಿಮ್ಗೆ ಸೊಂಟ ನೋವು, ಜಯಮ್ಮನ ಮನೇಲಿ ಚೂರು ಒರಗಿ ಓಗಿ" ಎಂದು ಕಳಿಸುವರು. ಹತ್ತು ನಿಮಿಷ ಬಿಟ್ಟು ತಾವೂ ಬರುವರು. ಆ ಸೊಂಟ ನೋವು ಹತ್ತು ವರ್ಷಕ್ಕೂ ಹೆಚ್ಚು ಕಾಲ, ದಸರಾದಲ್ಲಿ ಮಾತ್ರ, ತಪ್ಪದೆ ಬಂತು.

ಅರವತ್ತರ ದಶಕದ ನಡುವೆ, ಅಕ್ಕಿಗಾಗಿ ಊರೆಲ್ಲ ಸಾಲು ನಿಂತಿದ್ದ ಒಂದು ವರ್ಷ, ಚಿಕ್ಕತಾಯಮ್ಮನವರು ಮಳೆಗಾಲದಲ್ಲಿ ಹಾಸಿಗೆ ಹಿಡಿದರು. ಕೊನೆಯ ಸಲ ನೋಡಲು ಹೋದಾಗ, ನಾನು ತಂದಿದ್ದ ಮೂಸಂಬಿಯನ್ನು ಕಂಡು, "ಎಷ್ಟು ಕೊಟ್ಟೆ?" ಎಂದರು. ಹೇಳಿದೆ. "ಮೋಸ ಓದೆ" ಎಂದು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿಗೆ ಕಣ್ಣು ಬಿಡದೆಯೇ ಅಂದರು: "ಹಬ್ಬಕ್ಕೆ ಅತ್ಗೆ ಬತ್ತಾರೆ. ಒರಗೋಕೆ ಜಾಗ ಕೊಡು." ಅದಾಗಿ ವಾರ ತುಂಬುವುದರೊಳಗೆ ಹೋದರು.

ಆ ದಸರಾಕ್ಕೆ ಸಾವಾದ ಮನೆಯೆಂದು ಬೇರೆ ನೆಂಟರು ಯಾರೂ ಬರಲಿಲ್ಲ. ಪುಟ್ಟಮ್ಮಣ್ಣಿಯವರು ಒಬ್ಬರೇ ಬಂದರು, ತಮ್ಮನ ಮನೆಯಲ್ಲಿ ಗಂಟು ಇಟ್ಟು, ಮಧ್ಯಾಹ್ನ ನಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತರು. ಆ ವರ್ಷ ಮಂಚದ ಕೆಳಗೆ ಏನೂ ಇರಲಿಲ್ಲ. ನಮ್ಮ ಅಕ್ಕಿಯಲ್ಲೇ ಅನ್ನ ಮಾಡಿ, ಕೈ ಬಿಗಿ ಹಿಡಿಯದೆ ತಟ್ಟೆ ತುಂಬ ಬಡಿಸಿ, ತುಪ್ಪ ಹಾಕಿದೆ. ಬಾಗಿಲು ಹಾಕುವ ಅಗತ್ಯವಿರಲಿಲ್ಲ, ತೆರೆದೇ ಇತ್ತು. ನಾಲ್ಕು ತುತ್ತು ಉಂಡರು. ಐದನೆಯದನ್ನು ಕಲಸಿದವರು ಕಲಸುತ್ತಲೇ ಇದ್ದರು.

"ಇನ್ನೊಂಚೂರು ಹಾಕ್ಲಾ?" ಎಂದೆ.

"ಸಾಕು ಕಣವ್ವ."

ಅವರ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದ್ದು. ಕೈ ತೊಳೆದು ಬಂದು ಪಾತ್ರೆಯೊಳಗೆ ಇಣುಕಿದರು.

"ಬಿಸಾಕ್ಬುಟ್ಟೀಯ. ನೀರು ಉಯ್ದು ಮುಚ್ಚಿಡು. ಬೆಳಿಗ್ಗೆ ನಾನೇ ಬಂದು ಉಣ್ತೀನಿ."